ಕಿಟಕಿ ಎಂಬ ಗುರುತು

ರಾಗ್ನಾಳ ಗುರುತುಪಟ್ಟಿಯಲ್ಲಿ 'ಕಿಟಕಿ' ಎಂಬ ಗುರುತಿನ ಎದುರಿಗೆ ಒಂದೇ ಸಾಲು ಇತ್ತು: 'ಮಗುವನ್ನು ಬಿಟ್ಟು ಹೊರಡುವ ಹೊತ್ತಿನ ಮಾತು.' ನಮ್ಮಿಬ್ಬರಿಗೆ ಆ ಸಾಲು ಧಾರಾಳವಾಗಿ ಸಾಕಾಗಿತ್ತು. ಡೆನ್ಮಾರ್ಕಿನ ಡೋರ್ಟೆಗೆ ಸಾಕಾಗಲಿಲ್ಲ.

"ನಿಮ್ಮ ಪಟ್ಟಿ ಹಿಡ್ಕೊಂಡು ಹೊರಟ್ರೆ ನಿಮ್ಮ ಮನೆ ಸಿಗೋದಿಲ್ಲ ಕಣ್ರೇ," ಎಂದಳು ಅವಳು, ಕಂಪ್ಯೂಟರಿನ ಪರದೆಯೊಳಗಿಂದ. "ಊರಿನ ಹೆಸರು ಬರ್ದಿದ್ದೀರಿ, ಬೀದಿ ಹೆಸರು ಬರ್ದಿಲ್ಲ."

ರಾಗ್ನಾ ನನ್ನ ಕಡೆ ತಿರುಗಿ, "ಏನಂದ್ಲೇ ಹಿಲ್ಲೆವಿ?" ಎಂದಳು. ಡೋರ್ಟೆ ಅವಳ ಡೇನಿಷ್ ಬಿಡುವುದಿಲ್ಲ, ನಾವು ನಮ್ಮ ಸ್ವೀಡಿಷ್ ಬಿಡುವುದಿಲ್ಲ. ಅಕ್ಕತಂಗಿಯರಂಥ ಭಾಷೆಗಳು, ಅಕ್ಕತಂಗಿಯರ ಹಾಗೇ ಒಬ್ಬರ ಮಾತು ಒಬ್ಬರಿಗೆ ಅರ್ಧ ಕೇಳುವುದಿಲ್ಲ. "ಬಾಯಲ್ಲಿ ಗಂಜಿ ಇಟ್ಕೊಂಡು ಮಾತಾಡಿದ್ರೆ ಯಾರಿಗೆ ತಿಳಿಯತ್ತೆ?"

"ಅದು ನಂಗೆ ಕೇಳಿಸ್ತು," ಎಂದು ಡೋರ್ಟೆ ನಕ್ಕಳು. "ತಾಳು, ಗಂಜಿ ನುಂಗಿ ಹೇಳ್ತೀನಿ."

ನಮ್ಮ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಜನರನ್ನು ಕೂರಿಸಿಕೊಂಡು ಮಾತಾಡಿಸುವುದು, ಆ ಮಾತನ್ನು ಕೆಮ್ಮು ನಗುವಿನ ಸಮೇತ ಬರೆದುಕೊಳ್ಳುವುದು, ಆಮೇಲೆ ಒಂದೊಂದು ತುಣುಕಿನ ಪಕ್ಕದಲ್ಲೂ ಇದು ಇಂಥದ್ದು ಎಂದು ಒಂದು ಗುರುತು ಹಾಕುತ್ತ ಹೋಗುವುದು. ಒಗೆದು ಒಣಗಿದ ಬಟ್ಟೆಯನ್ನು ವಿಂಗಡಿಸಿದ ಹಾಗೆ: ಕಾಲುಚೀಲ ಒಂದು ಕಡೆ, ಟವೆಲು ಒಂದು ಕಡೆ. ಕಾಲುಚೀಲ ಯಾವುದೆಂದು ಮನೆಯಲ್ಲಿ ಯಾರೂ ವಾದಿಸುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ರಾಗ್ನಾ ಡಾಕ್ಟರೇಟಿಗೆ ಆರಿಸಿಕೊಂಡದ್ದು ಮಕ್ಕಳನ್ನು ಶಿಶುವಿಹಾರಕ್ಕೆ ರೂಢಿ ಮಾಡಿಸುವ ಮೊದಲ ವಾರಗಳನ್ನು. ಉತ್ತರ ಸ್ವೀಡನ್ನಿನ ನಮ್ಮ ಊಮಿಯೋದಲ್ಲಿ ಯಾರೂ ಮಗುವನ್ನು ಒಮ್ಮೆಲೇ ಬಿಟ್ಟು ಬರುವುದಿಲ್ಲ. ಮೊದಲು ಅಮ್ಮನೋ ಅಪ್ಪನೋ ಮಗುವಿನ ಜೊತೆ ಅಲ್ಲೇ ನೆಲದ ಮೇಲೆ ಕೂರಬೇಕು. ಆಮೇಲೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಪಕ್ಕದ ಕೋಣೆಗೆ ಹೋಗಬೇಕು. ಆಮೇಲೆ ಹೊರಗೆ. ಹೊರಡುವಾಗ ಶಿಕ್ಷಕಿ ಮಗುವನ್ನು ಕಿಟಕಿಯ ಬಳಿಯ ಮಣೆ ಹತ್ತಿಸಿ ನಿಲ್ಲಿಸುತ್ತಾಳೆ. ಒಳಗಿನಿಂದ ಮಗು ಕೈಬೀಸುತ್ತದೆ, ಹೊರಗಿನಿಂದ ದೊಡ್ಡವರು ಬೀಸುತ್ತಾರೆ. ಬೀಸಿದ ಮೇಲೆ ತಿರುಗಿ ನೋಡದೆ ನಡೆದುಬಿಡಬೇಕು. ನಿಂತಷ್ಟೂ ಅಳು ಹೆಚ್ಚು.

ರಾಗ್ನಾ ಮಾತಾಡಿಸಿದ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಆ ಕಿಟಕಿಯ ಬಗ್ಗೆ ಏನಾದರೊಂದು ಹೇಳಿದ್ದರು. ಗುರುತು ಹುಟ್ಟಿದ್ದು ಹಾಗೆ. ನಾನು ಅದೇ ವಿಭಾಗದಲ್ಲಿ ಅರ್ಧ ದಿನದ ಸಹಾಯಕಿ. ಉಳಿದ ಅರ್ಧ ದಿನ ನಾಲ್ಕು ವರ್ಷದ ಮೈಕೆನ್‌ಳ ತಾಯಿ. ಒಬ್ಬರು ಹಾಕಿದ ಗುರುತನ್ನು ಇನ್ನೊಬ್ಬರು ನೋಡದೆ, ತಾವೇ ಬೇರೆಯಾಗಿ ಹಾಕಿ, ಕೊನೆಗೆ ತಾಳೆ ನೋಡಬೇಕೆಂಬುದು ನಮ್ಮಲ್ಲಿನ ನಿಯಮ. ಆ ಇನ್ನೊಬ್ಬಳು ನಾನು. ನಮ್ಮ ತಾಳೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ವಿಭಾಗದಲ್ಲಿ ಕೆಲವರು ಹೊಟ್ಟೆಕಿಚ್ಚು ಪಟ್ಟಿದ್ದರು.

'ಕಿಟಕಿ'ಯ ಮೇಲೆಯೇ ಪ್ರಬಂಧ ನಿಂತಿತ್ತು. ಕೈಬೀಸಿ ಮುಗಿದ ಮೇಲೂ ಅಮ್ಮಂದಿರು ಹೊರಡಲಾರರು, ಅಪ್ಪಂದಿರು ಹೊರಟುಬಿಡುತ್ತಾರೆ ಎಂಬುದು ರಾಗ್ನಾ ಕಂಡುಕೊಂಡ ಮುಖ್ಯ ಸಂಗತಿ. ಪ್ರಬಂಧದ ಹೆಸರೇ 'ಕಿಟಕಿಯಾಚೆ ನಿಂತ ತಾಯಿ'. ವಸಂತದಲ್ಲಿ ಅದು ಅಚ್ಚಿಗೆ ಹೋಗಬೇಕಿತ್ತು.

ಓಡೆನ್ಸೆ ನಗರದಲ್ಲಿ ಇಂಥದೇ ಕೆಲಸ ಶುರುಮಾಡಿದ್ದ ಡೋರ್ಟೆ, ಪಟ್ಟಿಯನ್ನು ತನಗೂ ಕೊಡುತ್ತೀರಾ ಎಂದು ಕೇಳಿದ್ದಳು. ರಾಗ್ನಾ ಖುಷಿಯಾಗಿಯೇ ಕೊಟ್ಟಳು. ಜೊತೆಗೆ, ಅಭ್ಯಾಸ ಮಾಡಿ ನೋಡಲೆಂದು, ಹೆಸರು ತೆಗೆದ ಕೆಲವು ಮಾತುಕತೆಗಳನ್ನೂ ಕಳಿಸಿದಳು. ಬೇರೆ ಸಂಶೋಧಕರಿಗೆ ಕೊಡಬಹುದೆಂದು ಆ ಪೋಷಕರು ಒಪ್ಪಿದ್ದರು. ಡೋರ್ಟೆ ಶ್ರದ್ಧೆಯಿಂದ ಗುರುತು ಹಾಕಿದಳು. ಅವಳ ಲೆಕ್ಕದಲ್ಲಿ ಅಮ್ಮಂದಿರಿಗೂ ಅಪ್ಪಂದಿರಿಗೂ ಯಾವ ವ್ಯತ್ಯಾಸವೂ ಬರಲಿಲ್ಲ.

"ಈ ಅಮ್ಮನ್ನ ನೋಡಿ," ಎಂದಳು ಈಗ. "ಕಿಟಕಿ ಅನ್ನೋ ಮಾತೇ ಎತ್ತಿಲ್ಲ. ಸೈಕಲ್ ಸೀಟಿನ ಮೇಲಿನ ಹಿಮ ಒರೆಸ್ದೆ ಅಂತಾಳೆ, ಅಷ್ಟೆ. ನೀವಿಬ್ರೂ 'ಕಿಟಕಿ' ಅಂತ ಹಾಕಿದ್ದೀರಿ. ಇನ್ನೊಬ್ಳು ಕಿಟಕಿ ಬಗ್ಗೆ ಅರ್ಧ ಪುಟ ಹೇಳ್ತಾಳೆ. ಅವಳಿಗೆ ಹಾಕೇ ಇಲ್ಲ. ಯಾಕೆ?"

"ಯಾಕೆ ಅಂದ್ರೆ..." ರಾಗ್ನಾ ತನ್ನ ಮಗುವಿಗೆಂದು ಹೆಣೆಯುತ್ತಿದ್ದ ಉಲ್ಲನ್‌ನ ಕೈಗವಸನ್ನು ಮಡಿಲಿಗಿಟ್ಟಳು. "ಮೊದಲ್ನೇದು ಕಿಟಕಿ. ಎರಡನೇದು ಬರೀ ಕಿಟಕಿ ಬಗ್ಗೆ."

"ಅದು ಹೇಗೆ ಗೊತ್ತಾಯ್ತು?"

"ಓದಿದ್ರೆ ಗೊತ್ತಾಗತ್ತಪ್ಪ."

"ನಾನೂ ಓದಿದೆ," ಎಂದಳು ಡೋರ್ಟೆ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಕಷ್ಟವಾದದ್ದು.

ಪರದೆ ಆರಿದ ಮೇಲೆ ರಾಗ್ನಾ ಗೊಣಗಿದಳು. "ಅವಳಿಗೆ ಮಕ್ಕಳಿಲ್ಲ. ಅದಕ್ಕೇ ಅರ್ಥ ಆಗ್ಲಿಲ್ಲ."

"ಹಾಗಂತ ಬರ್ದುಬಿಡು ಪ್ರಬಂಧದಲ್ಲಿ. 'ಈ ಪಟ್ಟಿ ಬಳಸೋ ಮೊದಲು ದಯವಿಟ್ಟು ಒಂದು ಮಗು ಹೆರಬೇಕು' ಅಂತ."

ಅವಳು ನಕ್ಕಳು. ಆದರೆ ನಗು ಬೇಗ ಮುಗಿಯಿತು.

ನಾವು ಯಾವಾಗ, ಎಲ್ಲಿ ಒಪ್ಪಿಕೊಂಡೆವು ಎಂದು ಇಬ್ಬರೂ ನೆನಪಿಸಿಕೊಳ್ಳಲು ನೋಡಿದೆವು. ಎಲ್ಲವೂ ಕಾಫಿ ಮೇಜಿನಲ್ಲಿ ಆಗಿತ್ತು. ನಮ್ಮ ವಿಭಾಗದಲ್ಲಿ ತೀರ್ಮಾನಗಳೆಲ್ಲ ಹಾಗೆಯೇ: ಬೆಳಿಗ್ಗೆ ಮತ್ತು ಮಧ್ಯಾಹ್ನ ಎಲ್ಲರೂ ಕೋಣೆಗಳಿಂದ ಹೊರಬಂದು, ಏಲಕ್ಕಿ ಬನ್ನು ಕಡಿಯುತ್ತ, ಯಾರೂ ಗಟ್ಟಿಯಾಗಿ ಅಲ್ಲಗಳೆಯದೆ, ಯಾರೂ ಗಟ್ಟಿಯಾಗಿ ಹೌದೆನ್ನದೆ ಒಂದು ಮಾತಿಗೆ ಬಂದುಬಿಡುತ್ತೇವೆ. ಸಭೆ ಎಂದರೆ ಅದಾಗಲೇ ಒಪ್ಪಿಯಾದದ್ದನ್ನು ಬರೆದುಕೊಳ್ಳುವುದು. ನಾವಿಬ್ಬರು ಆ ಬರೆದುಕೊಳ್ಳುವ ಸಭೆಯನ್ನೇ ಮಾಡಿರಲಿಲ್ಲ. 'ಹ್ಞೂಂ, ಅದು ಕಿಟಕಿನೇ ಅಲ್ವಾ' ಎಂದು ಒಬ್ಬಳು, 'ಮತ್ತೇನು' ಎಂದು ಇನ್ನೊಬ್ಬಳು. ಮುಗಿಯಿತು.

"ಹಿಲ್ಲೆವಿ," ಎಂದಳು ರಾಗ್ನಾ. "ಆ ಅಮ್ಮಂದಿರು ಹಾಗೆ ಹೇಳಿದ್ರಾ, ಇಲ್ಲ ನಾವಿಬ್ರು ಅಮ್ಮಂದಿರು ಹಾಗೆ ಕೇಳಿಸ್ಕೊಂಡ್ವಾ?"

ಎರಡನೆಯದೇ ನಿಜವಾದರೆ ಅವಳ ವರ್ಷಗಳ ಕೆಲಸ ನಮ್ಮಿಬ್ಬರ ತಲೆಯೊಳಗಿನ ಮಾತಾಗಿ ಉಳಿಯುತ್ತಿತ್ತು.

ಅವಳ ಮಾರ್ಗದರ್ಶಕ ಬೊರ್ಯೆಗೆ ಇದು ತಲೆಕೆಡಿಸಿಕೊಳ್ಳುವ ವಿಷಯವಾಗಿ ಕಾಣಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಅವನು ಒಳ್ಳೆಯ ಮನುಷ್ಯ. ವಿದ್ಯಾರ್ಥಿಗಳು ಕಣ್ಣೀರು ಹಾಕಿದರೆ ತನ್ನ ಕರವಸ್ತ್ರ ಕೊಟ್ಟು ವಾಪಸ್ಸು ಕೇಳದವನು.

"ಕೊನೆಗೆ ಒಂದು ಪುಟದ ಪಟ್ಟಿ ಅಂಟಿಸು. ಎಲ್ಲರೂ ಮಾಡೋದು ಅಷ್ಟೆ," ಎಂದ. "ಬಂದೋರಿಗೆ ಊಟ ಬಡಿಸ್ತೀವಿ ರಾಗ್ನಾ, ಪಾತ್ರೆ ತೊಳೆಯೋ ಸಿಂಕ್ ತೋರಿಸ್ತೀವಾ?"

"ನಮ್ಮನೇಲಿ ಸಿಂಕ್ ದಾಟದೆ ಊಟದ ಮೇಜಿಗೆ ಬರೋಕೆ ಆಗಲ್ಲ ಬೊರ್ಯೆ," ಎಂದೆ ನಾನು.

"ನಿಮ್ಮನೆ ಬೇರೆ, ಪ್ರಬಂಧ ಬೇರೆ. ಪ್ರಬಂಧ ಸಮರ್ಥಿಸ್ಕೊಳ್ಳೋ ಬಹಿರಂಗ ವಾದದ ದಿನ ಎದುರಿಗೆ ಕೂತು ಪ್ರಶ್ನೆ ಕೇಳೋಳು ಹದ್ದಿನಂಥೋಳು. ನೀವು ಬಿಚ್ಚಿಟ್ಟಷ್ಟೂ ಅವಳಿಗೆ ಕೊಕ್ಕು ಹಾಕೋಕೆ ಜಾಗ."

ರಾಗ್ನಾ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದಳು. "ಅವನು ಹೇಳಿದ್ದು ಸರಿ ಇರಬಹುದು. ಆದ್ರೂ ನಂಗೇ ಗೊತ್ತಾಗ್ಬೇಕಲ್ವೇನೇ, ಸಿಂಕಲ್ಲಿ ಏನಿದೆ ಅಂತ?"

ಶನಿವಾರ ಬೆಳಿಗ್ಗೆ ಅವಳು ಕಾಗದಗಳ ಕಟ್ಟಿನೊಂದಿಗೆ ನಮ್ಮ ಮನೆಗೆ ಬಂದಳು. ಮೈಕೆನ್ ವಾರಕ್ಕೊಮ್ಮೆ ಸಿಗುವ ತನ್ನ ಮಿಠಾಯಿ ಚೀಲವನ್ನು ಸೋಫಾದ ಮೇಲೆ ಸುರಿದುಕೊಂಡಿದ್ದಳು. ನನ್ನ ಮುಂದೆ ಒಣಗಿದ ಬಟ್ಟೆಯ ರಾಶಿ. ನಾನು ಮಡಚುತ್ತ ಕೂತೆ, ಅವಳು ಓದುತ್ತ ಕೂತಳು. ಒಂದು ಕಟ್ಟಳೆ ಮಾಡಿಕೊಂಡೆವು: 'ಗೊತ್ತಾಗತ್ತೆ' ಎಂಬ ಮಾತನ್ನು ಯಾರೂ ಆಡುವಂತಿಲ್ಲ. ರಾಗ್ನಾ ನಿಧಾನವಾಗಿ ಓದಬೇಕು. 'ಕಿಟಕಿ' ಎಂದು ಅನ್ನಿಸಿದ ಕ್ಷಣ ನಾನು ಕೈಯೆತ್ತಬೇಕು. ಯಾವ ಮಾತಿಗೆ ಕೈ ಎದ್ದಿತೋ ಆ ಮಾತಿನ ಕೆಳಗೆ ಅವಳು ಗೆರೆ ಎಳೆಯಬೇಕು. ಆಮೇಲೆ ನಾನು ಓದುವುದು, ಅವಳು ಕೈಯೆತ್ತುವುದು.

"'ಅವಳು ನಗ್ತಾ ಕೈ ಬೀಸಿದ್ಲು, ಆಟಕ್ಕೆ ಹೋದ್ಲು. ನಾನು ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿ...'"

ನನ್ನ ಕೈ ಎದ್ದಿತು, ಒಂದು ಕಾಲುಚೀಲದ ಸಮೇತ.

"ಬಿಚ್ಚಿ-ಗೋ, ಮತ್ತೆ-ಗೋ?"

"ಮತ್ತೆ-ಗೆ ಅನ್ಸತ್ತೆ."

ಗೆರೆ ಬಿತ್ತು. ಇನ್ನೊಂದು ಓದಿದಳು. ಒಬ್ಬಳು ತಾಯಿ ಗೇಟಿನ ಬಳಿ ಚೀಲ ತೆಗೆದು, ಮನೆಯ ಕೀಲಿ ಇದೆಯೋ ಎಂದು ಹುಡುಕಿದ್ದಳು. ಕೀಲಿ ಅವಳ ಕತ್ತಿನಲ್ಲೇ ನೇತಾಡುತ್ತಿತ್ತು. ಇನ್ನೊಬ್ಬಳು ಮಕ್ಕಳು ಹಿಮದ ಮೇಲೆ ಜಾರುವ ಹಲಗೆಗಳನ್ನೆಲ್ಲ ಬೇಲಿಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದಳು. ಮತ್ತೊಬ್ಬಳು ಫಲಕದ ಮೇಲಿನ ವಾರದ ಊಟದ ವಿವರ ಓದಿದ್ದಳು, ಮೀನಿನ ಉಂಡೆ, ಪಾಲಕ್ ಸೂಪು, ಎಲ್ಲ; ಸೋಮವಾರ ಆಗಲೇ ಓದಿದ್ದರೂ. ಕಿಟಕಿಯ ಬಗ್ಗೆ ಅರ್ಧ ಪುಟ ಹೇಳಿದವಳಿಗೆ ಮಾತ್ರ ನಮ್ಮಿಬ್ಬರ ಕೈಯೂ ಏಳಲಿಲ್ಲ. ಅವಳು ಗಾಜು ಎಷ್ಟು ಕೊಳಕಾಗಿತ್ತು, ಪರದೆಯ ಬಣ್ಣ ಯಾವುದು ಎಂದು ಹೇಳಿ, ಬಸ್ಸು ಹತ್ತಿ ಹೋಗಿದ್ದಳು.

ಮೈಕೆನ್ ಇಣುಕಿ ನೋಡಿದಳು. "ಅಮ್ಮಾ, ನೀನು ಯಾಕೆ ಮತ್ತೆ ಮತ್ತೆ ಕೈಯೆತ್ತುತೀಯ? ನಿಂಗೆ ಸುಸ್ಸು ಬಂದಿದ್ಯಾ?"

"ಇಲ್ಲ ಚಿನ್ನ, ಪಾಠ ನಡೀತಿದೆ."

"ಹಾಗಾದ್ರೆ ಟೀಚರ್ ಯಾರು?"

"ಅದೇ ಗೊತ್ತಾಗ್ತಿಲ್ಲ," ಎಂದಳು ರಾಗ್ನಾ.

ಮಡಚಿದ ಬಟ್ಟೆ ನನ್ನ ಪಕ್ಕದಲ್ಲಿ ಎತ್ತರವಾಗುತ್ತಿತ್ತು. ಗೆರೆ ಎಳೆದ ಮಾತುಗಳನ್ನಷ್ಟೇ ರಾಗ್ನಾ ಒಂದರ ಕೆಳಗೊಂದು ಬರೆದಳು. ಮತ್ತೆ ಕಟ್ಟಿಕೊಂಡೆ. ಹುಡುಕಿದೆ. ಒರಗಿಸಿದೆ. ಒರೆಸಿದೆ. ಪೂರ್ತಿ ಓದಿದೆ. ಯಾರೂ ದುಃಖ ಎಂದಿರಲಿಲ್ಲ, ಸಂಕಟ ಎಂದಿರಲಿಲ್ಲ. ಎಲ್ಲರೂ ಒಂದೊಂದು ಕೆಲಸ ಹೇಳಿದ್ದರು.

"ಬೇಡದ ಕೆಲಸ," ಎಂದೆ.

"ಹುಟ್ಟಿಸಿಕೊಂಡ ಕೆಲಸ," ಎಂದು ರಾಗ್ನಾ ತಿದ್ದಿದಳು. ಅವಳ ಕಿವಿ ಕೆಂಪಾಗಿತ್ತು. ಖುಷಿಯಾದಾಗ ಅವಳಿಗೆ ಹಾಗಾಗುತ್ತದೆ. "ಕೈಬೀಸಿ ಮುಗಿದ ಮೇಲೆ, ಹೊರಡೋ ಬದಲು, ಮಾಡ್ಲೇಬೇಕು ಅಂತಿಲ್ಲದ ಒಂದು ಕೆಲಸ ಹುಟ್ಟಿಸ್ಕೊಂಡು ಅಲ್ಲೇ ಉಳಿಯೋದು. ಹಿಲ್ಲೆವಿ, ಇದು ನಮ್ಮ ತಲೇಲಿಲ್ಲ ಕಣೇ. ಅವರ ಮಾತಲ್ಲೇ ಇದೆ! ಬೆರಳಿಟ್ಟು ತೋರಿಸ್ಬಹುದು!"

ಅವತ್ತು ಅವಳು ಮೈಕೆನ್‌ಳ ಮಿಠಾಯಿಯಲ್ಲಿ ಉಪ್ಪು ಹಾಕಿದ ಕಪ್ಪು ಜೇಷ್ಠಮಧುವಿನ ತುಂಡುಗಳನ್ನೆಲ್ಲ ತಿಂದು ಮುಗಿಸಿದಳು. ಮೈಕೆನ್ ಬೇಸರ ಮಾಡಿಕೊಳ್ಳಲಿಲ್ಲ. ಅವಳಿಗೆ ಅದು ಸೇರದು.

ಹೊಸ ಪಟ್ಟಿ ತಯಾರಾಯಿತು. ಪ್ರತಿ ಗುರುತಿನ ಎದುರಿಗೂ ಈಗ ಒಂದು ಸಾಲಲ್ಲ: ಇದರಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ, ಸೇರಿದಂತೆ ಕಂಡು ಮೋಸ ಮಾಡುವುದು ಯಾವುದು, ಮತ್ತು ಪ್ರತಿಯೊಂದಕ್ಕೂ ಒಂದು ಉದಾಹರಣೆ. ಅದನ್ನೂ, ಅವಳು ಮುಂಚೆ ನೋಡಿರದ ಒಂದಷ್ಟು ಮಾತುಕತೆಗಳನ್ನೂ ಡೋರ್ಟೆಗೆ ಕಳಿಸಿದೆವು. ಅವಳು ಕೆಲಸ ಮುಗಿಸಿ ಪರದೆಯ ಮೇಲೆ ಬರುವ ಹೊತ್ತಿಗೆ ನದಿಯ ಹಿಮ ಅಂಚಿನಲ್ಲಿ ಕಪ್ಪಾಗತೊಡಗಿತ್ತು.

"ಈ ಸಲ ಬೀದಿನೂ ಸಿಕ್ತು, ಬಾಗಿಲೂ ಸಿಕ್ತು," ಎಂದಳು. "ಅಮ್ಮಂದಿರದ್ದು ಹೆಚ್ಚೂಕಡಿಮೆ ಪೂರ್ತಿ ತಾಳೆ. ಇಬ್ಬರನ್ನ ಮಾತ್ರ ನೀವು ಸೇರಿಸಿದ್ದೀರಿ, ನಾನು ಸೇರಿಸಿಲ್ಲ. ಅವರು ಏನೂ ಮಾಡಿಲ್ಲ, ಸುಮ್ನೆ ಬೇಜಾರಾಗಿದ್ದಾರೆ."

ರಾಗ್ನಾ ಪುಟ ತಿರುಗಿಸಿ ನೋಡಿದಳು. "ನಿಜ. ಅವರು ನಮಗೆ ಪಾಪ ಅನ್ನಿಸಿದ್ರು, ಹಾಕ್ಬಿಟ್ವಿ. ತೆಗೀತೀನಿ."

"ಆದ್ರೆ ಅಪ್ಪಂದಿರದ್ದು ನೀವು ಬಿಟ್ಬಿಟ್ಟಿದ್ದೀರಲ್ಲ."

"ಅಪ್ಪಂದಿರು ಹೋಗ್ಬಿಡ್ತಾರೆ."

"ಇವನು ಹೋಗಿಲ್ಲ." ಡೋರ್ಟೆ ಕನ್ನಡಕ ಹಾಕಿಕೊಂಡು ಓದಿದಳು. "'ಅವನು ಕೈಬೀಸಿದ. ನಾನೂ ಬೀಸಿದೆ. ಮುಂದಿನ ಗಾಜು ಕೆರೆದೆ. ಹಿಂದಿನದ್ದು ಕೆರೆದೆ. ಪಕ್ಕದ್ದೂ ಕೆರೆದೆ. ಕೆಲಸಕ್ಕೆ ಹೋದೆ.'"

ರಾಗ್ನಾ ನಕ್ಕುಬಿಟ್ಟಳು. "ಅಯ್ಯೋ ಮಾರಾಯ್ತಿ, ಅದು ಕಾರಿನ ಗಾಜಿನ ಮೇಲಿನ ಮಂಜು! ಇದು ಊಮಿಯೋ. ಅಕ್ಟೋಬರಿಂದ ಏಪ್ರಿಲ್‌ವರೆಗೆ ಎಲ್ಲರೂ ಕೆರೀತಾರೆ. ಹಲ್ಲುಜ್ಜೋ ಹಾಗೆ. ಕೆರೀದೆ ಓಡ್ಸಿದ್ರೆ ಪೊಲೀಸ್ರು ಹಿಡೀತಾರೆ."

"ಸರಿ. ನಂಗೆ ಸೈಕಲ್ ಬಿಟ್ರೆ ಬೇರೇನೂ ಗೊತ್ತಿಲ್ಲ. ಒಂದು ಕೇಳ್ಲಾ?"

"ಕೇಳು."

"ಅವನು ಆ ಕಾರಲ್ಲೇ ತಾನೇ ಮಗೂನ ಕರ್ಕೊಂಡು ಬಂದಿದ್ದು?"

"ಹ್ಞೂಂ."

"ಶಿಶುವಿಹಾರದೊಳಗೆ ಎಷ್ಟು ಹೊತ್ತಿದ್ದ?"

ರಾಗ್ನಾ ಹಿಂದಿನ ಪುಟ ನೋಡಿದಳು. "ರೂಢಿಯಾಗೋ ಕೊನೇ ದಿನ ಅದು. ಮಗೂಗೆ ಬೂಟು ಬಿಚ್ಚೋಷ್ಟು ಹೊತ್ತು."

"ಅಷ್ಟರಲ್ಲಿ ಎಲ್ಲಾ ಗಾಜೂ ಹೆಪ್ಪುಗಟ್ಟತ್ತಾ ನಿಮ್ಮೂರಲ್ಲಿ? ಗೊತ್ತಿಲ್ದೆ ಕೇಳ್ತಿದ್ದೀನಿ."

ನಾನು ನಮ್ಮ ಕಾರಿನ ಬಗ್ಗೆ ಯೋಚಿಸಿದೆ. ಬೆಳಿಗ್ಗೆ ಮನೆಯ ಮುಂದೆ ಕೆರೆಯುತ್ತೇನೆ, ಬೆರಳು ಮರಗಟ್ಟುವವರೆಗೆ. ಮೈಕೆನ್‌ಳನ್ನು ಒಳಗೆ ಬಿಟ್ಟು ಬಂದರೆ ಗಾಜು ಹಾಗೇ ಇರುತ್ತದೆ, ಒಳಗಿನ ಕಾವು ಇನ್ನೂ ಆರಿರುವುದಿಲ್ಲ. ಹತ್ತಿ ಕೂತು ಹೊರಡುತ್ತೇನೆ.

"ಇಲ್ಲ," ಎಂದೆ. "ಹೆಪ್ಪುಗಟ್ಟಲ್ಲ. ಅವನು ಮಂಜೇ ಇಲ್ಲದ ಗಾಜನ್ನ ಕೆರೆದಿದ್ದಾನೆ."

ರಾಗ್ನಾ ಪರದೆ ಮುಚ್ಚಿದ್ದು ಡೋರ್ಟೆಗೆ ವಿದಾಯ ಹೇಳದೆ. ಅದು ಸಿಟ್ಟಲ್ಲ, ಅವಳಿಗೆ ಪರದೆಯಿದೆ ಎಂಬುದೇ ಮರೆತುಹೋಗಿತ್ತು. ಅಪ್ಪಂದಿರ ಮಾತುಕತೆಗಳನ್ನೆಲ್ಲ ಕಪಾಟಿನಿಂದ ತೆಗೆದಳು.

"ನನ್ನ ಪ್ರಬಂಧದ ಹೆಸರೇ ಬಿದ್ದೋಯ್ತಲ್ಲೇ," ಎಂದಳು. ಆಮೇಲೆ ಇನ್ನೊಂದು ಕಟ್ಟನ್ನು ನನ್ನ ಕಡೆ ತಳ್ಳಿದಳು. "ಓದು. ಅಳೋದು ಆಮೇಲೆ."

ಓದಿದೆವು. ಅವತ್ತು, ಮರುದಿನ, ಅದರ ಮರುದಿನ, ಮೈಕೆನ್‌ಳನ್ನು ಕರೆತರುವ ಹೊತ್ತಾಗುವವರೆಗೆ. ಒಬ್ಬ ಅಪ್ಪ ಎಂಜಿನ್ ಬೆಚ್ಚಗಿಡುವ ವಿದ್ಯುತ್ ತಂತಿಯನ್ನು ಒಂದೇ ಅಳತೆಯ ಸುರುಳಿಯಾಗಿ ಸುತ್ತಿ, ಚೆನ್ನಾಗಿ ಬರಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದ್ದ. ಒಬ್ಬ ನಾಲ್ಕೂ ಚಕ್ರಗಳಿಗೆ ಒದ್ದು ನೋಡಿದ್ದ. ಒಬ್ಬ ಶಿಶುವಿಹಾರದ ಮೆಟ್ಟಿಲಿಗೆ ಕಾಲು ಜಾರದಂತೆ ಹಾಕಿದ್ದ ಮರಳು ಸಾಲದೆಂದು ಡಬ್ಬಿಯಿಂದ ತೆಗೆದು ಎರಚಿದ್ದ. ಅದು ಅವನ ಕೆಲಸವಲ್ಲ. ಇದೆಲ್ಲ ನಾವು ಓದಿದ್ದ ಮಾತುಗಳೇ. ಪಕ್ಕದಲ್ಲಿ ನಮ್ಮಿಬ್ಬರ ಕೈಬರಹದಲ್ಲೂ 'ಪ್ರಯಾಣ', 'ಹವಾಮಾನ' ಎಂಬ ಗುರುತುಗಳಿದ್ದವು. ಅಲ್ಲೂ ನಮ್ಮ ತಾಳೆ ಬಹಳ ಚೆನ್ನಾಗಿತ್ತು. ಹೆಂಗಸು ಸೀಟಿನ ಹಿಮ ಒರೆಸಿದರೆ ನಮಗೆ ಪ್ರೀತಿ ಕಂಡಿತ್ತು. ಗಂಡಸು ಗಾಜು ಕೆರೆದರೆ ಚಳಿಗಾಲ ಕಂಡಿತ್ತು.

"ಇನ್ನೊಂದು ಓದು," ಎನ್ನುತ್ತಿದ್ದಳು ರಾಗ್ನಾ. "ಇನ್ನೊಂದೇ ಒಂದು." ಅವಳ ಮುಖದಲ್ಲಿ ಸೋತವರ ಕಳೆ ಇರಲಿಲ್ಲ. ಗೊತ್ತಿರುವ ಮನೆಯಲ್ಲಿ ಗೊತ್ತಿರದ ಕೋಣೆ ಸಿಕ್ಕವರ ಹಾಗಿದ್ದಳು. ಹೊರಡದವರಲ್ಲಿ ಅಪ್ಪಂದಿರೂ ಅಮ್ಮಂದಿರಷ್ಟೇ ಇದ್ದರು.

ಬೊರ್ಯೆ ಈ ಸಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಹಳ ಹೊತ್ತು ಕೇಳಿಸಿಕೊಂಡ.

"ಹೆಸರು ಬದಲಿಸು. ಅಧ್ಯಾಯ ತಿದ್ದಿ ಬರೀ. ಅಚ್ಚಿನೋರ ಹತ್ರ ನಾನು ಮಾತಾಡ್ತೀನಿ," ಎಂದ. "ಹೊಸ ಪಟ್ಟಿ ಚೆನ್ನಾಗಿದೆ, ಅದನ್ನ ಬೇಕಾದ್ರೆ ಹಾಕು. ಆದ್ರೆ ಹಳೇದು ಯಾಕೆ? ಮೊದಲು ಹೀಗೆ ತಪ್ಪಾಗಿ ನೋಡಿದ್ವಿ, ಇಂಥವರು ಕೇಳಿದ ಮೇಲೆ ತಿದ್ಕೊಂಡ್ವಿ ಅಂತೆಲ್ಲ ಯಾಕೆ ಸಾರಬೇಕು? ಯಾರೂ ಕೇಳಿಲ್ವಲ್ಲ."

"ಹಳೇದನ್ನ ಒರೆಸಿಬಿಟ್ರೆ ನಾನು ತುಂಬಾ ಜಾಣೆ ಥರ ಕಾಣ್ತೀನಿ," ಎಂದಳು ರಾಗ್ನಾ.

"ಅದರಲ್ಲಿ ತಪ್ಪೇನಿದೆ?"

"ನಾಳೆ ನಮ್ಮಂಥದೇ ಚಳಿಯ ಕಿರುನಾದಲ್ಲೋ ಲುಲಿಯೋದಲ್ಲೋ ಒಬ್ಳು ಈ ಪಟ್ಟಿ ತಗೋತಾಳೆ ಬೊರ್ಯೆ. ಅವಳೂ ಹುಟ್ಟಿದಾಗಿಂದ ಗಾಜು ಕೆರೆದೋಳು. 'ಹುಟ್ಟಿಸಿಕೊಂಡ ಕೆಲಸ' ಅಂತ ಎಷ್ಟು ಚೆನ್ನಾಗಿ ಬರ್ದಿದ್ರೂ ಗಾಜು ಬಂದಾಗ ಅವಳು ಚಳಿಗಾಲ ಅಂತಾನೇ ಹಾಕ್ತಾಳೆ. ನಾನು ಎಡವಿದ ಜಾಗ ತೋರಿಸಿದ್ರೆ ಮಾತ್ರ ಅವಳು ಅಲ್ಲಿ ನಿಂತು ನೋಡ್ತಾಳೆ."

"ಹ್ಞೂಂ," ಎಂದ ಬೊರ್ಯೆ. ನಮ್ಮಲ್ಲಿ ಆ ಹ್ಞೂಂಕಾರಕ್ಕೆ ಒಪ್ಪಿಗೆ ಎಂದೂ ಅರ್ಥವಲ್ಲ, ಬೇಡ ಎಂದೂ ಅಲ್ಲ. "ವಾದದ ದಿನ ಅಲ್ಲಿ ನಿಲ್ಲೋಳು ನೀನು. ನಾನಲ್ಲ."

"ಗೊತ್ತು."

ಗಾಜು ಕೆರೆದ ಅಪ್ಪನ ಮಾತನ್ನು ಎಲ್ಲರೂ ನೋಡುವ ಪಟ್ಟಿಯಲ್ಲಿ ಉದಾಹರಣೆಯಾಗಿ ಹಾಕಲು ಅವನನ್ನೇ ಮತ್ತೆ ಕೇಳಬೇಕಿತ್ತು. ಒಪ್ಪಿದ್ದ ಪತ್ರದಲ್ಲಿ ಸಂಶೋಧಕರಿಗೆ ಎಂದಿತ್ತು, ಎಲ್ಲರಿಗೂ ಎಂದಿರಲಿಲ್ಲ. ಪಟ್ಟಿಯಲ್ಲಿ ನಾವು ಅವನನ್ನು ಹೋಲ್ಗರ್ ಎಂದು ಕರೆದಿದ್ದೆವು. ಇಲ್ಲೂ ಹಾಗೇ ಇರಲಿ. ರಾಗ್ನಾ ಫೋನು ಮಾಡಿ, ಸಹಾಯಕಿಯೂ ಕೇಳುತ್ತಿದ್ದಾಳೆ, ಪರವಾಗಿಲ್ಲವೇ ಎಂದಳು. ಪರವಾಗಿಲ್ಲ ಎಂದ. ಅವಳು ಅವನ ಮಾತನ್ನು ಅವನಿಗೇ ಓದಿ ಹೇಳಿದಳು.

ಆ ಕಡೆ ಯಾವುದೋ ಯಂತ್ರದ ಸದ್ದು ಇತ್ತು. ಅದು ನಿಂತಿತು.

"ನಾನು ಹಾಗೆ ಹೇಳಿದ್ನಾ?"

"ಹೇಳಿದ್ರಿ. ಒಂದು ಕೇಳ್ಬೇಕಿತ್ತು. ಅವತ್ತು ಗಾಜಿನ ಮೇಲೆ ಏನಿತ್ತು?"

ಅವನು ಯೋಚಿಸಿದ. "ಏನೂ ಇರ್ಲಿಲ್ಲ," ಎಂದ. ಆಮೇಲೆ, "ಕೆರೆಯೋದು ಕೈಯಲ್ಲಿತ್ತು. ಮಗ ಮತ್ತೆ ಕಿಟಕಿಗೆ ಬಂದ್ರೆ, ಸುಮ್ನೆ ನಿಂತಿದ್ದೀನಿ ಅಂತ ಕಾಣ್ಬಾರ್ದಲ್ಲ."

"ಬಂದ್ನಾ?"

"ಎಲ್ಲಿ! ಅವನಿಗೆ ಅಲ್ಲೊಂದು ಟ್ರ್ಯಾಕ್ಟರ್ ಸಿಕ್ಕಿತ್ತು." ಅವನು ನಕ್ಕ. "ಹಾಕ್ಕೊಳ್ಳಿ. ಹೆಸರು ಬೇಡ. ಕಾರು ಯಾವುದು ಅಂತಾನೂ ಬರೀಬೇಡಿ. ಇಲ್ಲಿ ಮನುಷ್ಯರು ಗೊತ್ತಿಲ್ದಿದ್ರೂ ಕಾರು ಎಲ್ಲರಿಗೂ ಗೊತ್ತು. ಅಂದಹಾಗೆ, ಬೇರೆಯೋರೂ ಹೀಗೆ ಮಾಡ್ತಾರಾ?"

"ತುಂಬಾ ಜನ."

"ಓಹೋ," ಎಂದ. ಯಂತ್ರ ಮತ್ತೆ ಶುರುವಾಯಿತು.

ಪ್ರಬಂಧ ದಪ್ಪವಾಯಿತು. ಕೊನೆಯ ಭಾಗದಲ್ಲಿ ಪಟ್ಟಿ ಪೂರ್ತಿಯಾಗಿ ಇತ್ತು. ಹಳೆಯ ಒಂದು ಸಾಲಿನ ವಿವರ, ಅದು ಯಾಕೆ ಸಾಲಲಿಲ್ಲ, ಯಾರ ಪ್ರಶ್ನೆಯಿಂದ ಏನು ಬದಲಾಯಿತು, ಯಾವ ಇಬ್ಬರು ಅಮ್ಮಂದಿರನ್ನು ನಾವು ಪಾಪವೆಂದು ಸೇರಿಸಿದ್ದೆವು, ಎಲ್ಲ. ಯಾರು ಬೇಕಾದರೂ ಇಳಿಸಿಕೊಂಡು ಬಳಸಲೆಂದು ಅದನ್ನು ತೆರೆದ ಸಂಗ್ರಹವೊಂದರಲ್ಲಿಯೂ ಇಟ್ಟಳು. ಅಚ್ಚಿಗೆ ಹೋಗುವ ಮುನ್ನ ಅವಳು ಒಂದೆರಡು ಸಲ ನನಗೆ ಫೋನು ಮಾಡಿ, "ತೆಗೆದುಬಿಡ್ಲೇನೇ?" ಎಂದಳು. "ತೆಗೀಬೇಕು ಅನ್ಸಿದ್ರೆ ತೆಗಿ," ಎಂದೆ. ಅವಳು ತೆಗೆಯಲಿಲ್ಲ.

ವಾದಕ್ಕೆ ಕೆಲವು ವಾರ ಮುಂಚೆ ಪ್ರಬಂಧವನ್ನು ಗೋಡೆಯ ಹಲಗೆಗೆ ಮೊಳೆ ಹೊಡೆದು ನೇತುಹಾಕುವುದು ನಮ್ಮಲ್ಲಿ ಪದ್ಧತಿ. ಹಾದು ಹೋಗುವವರು ಓದಿ ನೋಡಲಿ, ತಕರಾರಿದ್ದರೆ ತಯಾರಾಗಿ ಬರಲಿ ಎಂದು. ಮೇ ತಿಂಗಳು, ಬರ್ಚ್ ಮರಗಳಲ್ಲಿ ಇಲಿಯ ಕಿವಿಯಷ್ಟು ಎಲೆ. ರಾಗ್ನಾ ಸುತ್ತಿಗೆ ಎತ್ತಿ ಮೂರು ಏಟು ಹಾಕಿದಳು, ಒಂದು ಹೆಬ್ಬೆರಳಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೆಳಿಗ್ಗೆ ಎದ್ದು ಮಾಡಿದ್ದ ಬಾದಾಮಿ ಕೇಕು ಕೊಯ್ದೆ. ಬೊರ್ಯೆ ಎರಡು ತುಂಡು ತೆಗೆದುಕೊಂಡು, ಒಂದು ಹೆಂಡತಿಗೆ ಎಂದ. ಎರಡನ್ನೂ ಅಲ್ಲೇ ತಿಂದ.

ಪುಸ್ತಕದ ಹೆಸರು ಈಗ 'ಹೊರಡುವ ಮುನ್ನ'. ತಾಯಿ ಇಲ್ಲ, ಕಿಟಕಿಯೂ ಇಲ್ಲ.

ಜನ ಕಾಫಿಯ ಕಡೆ ಸರಿದ ಮೇಲೂ ಒಬ್ಬಳು ಹುಡುಗಿ ಹಲಗೆಯ ಮುಂದೆಯೇ ನಿಂತಿದ್ದಳು. ಕೋಟು ಬಿಚ್ಚಿರಲಿಲ್ಲ. ನಮ್ಮ ವಿಭಾಗದವಳಲ್ಲ, ನಾನು ಮುಂಚೆ ನೋಡಿದವಳೂ ಅಲ್ಲ. ಪುಸ್ತಕವನ್ನು ಹಿಂದಿನಿಂದ ತೆರೆದು, ಪಟ್ಟಿಯ ಪುಟಗಳನ್ನು ಒಂದೊಂದಾಗಿ ಓದುತ್ತಿದ್ದಳು. ಕೊನೆಗೆ ತಿರುಗಿ, ಯಾರನ್ನು ಕೇಳಬೇಕೆಂದು ತಿಳಿಯದೆ ನನ್ನನ್ನು ನೋಡಿದಳು.

"ಇದನ್ನ ಬರೆದೋರು ಯಾರು?"

ನಾನು ರಾಗ್ನಾಳನ್ನು ತೋರಿಸಿದೆ. ಅವಳು ತಟ್ಟೆ ಹಿಡಿದೇ ಬಂದಳು.

"ಒಂದು ಕೇಳ್ಬಹುದಾ? ಇಲ್ಲೊಬ್ರು ಅಮ್ಮ ಇದಾರೆ. ಗೇಟ್ ಆಚೆ ನಿಂತು ಫೋನ್ ನೋಡ್ತಿದ್ದೆ ಅಂತಾರೆ. ನೀವು ಇವರನ್ನ 'ಸೇರುವುದಿಲ್ಲ' ಅನ್ನೋ ಕಡೆ ಇಟ್ಟಿದ್ದೀರಿ. ನಾನಾಗಿದ್ರೆ ಸೇರಿಸ್ತಿದ್ದೆ."

"ಶುರುವಾಯ್ತು," ಎಂದು ಬೊರ್ಯೆ ನನ್ನ ಕಿವಿಯ ಬಳಿ ಪಿಸುಗುಟ್ಟಿದ. ಆದರೂ ಚೊಕ್ಕಟವಾಗಿ ಬಾಯಿ ಒರೆಸಿಕೊಂಡು, ಓದುವ ಕನ್ನಡಕಕ್ಕಾಗಿ ಜೇಬು ತಡಕಾಡಿದ.

ರಾಗ್ನಾ ಆ ಉದಾಹರಣೆಯನ್ನು ಎಷ್ಟು ಸಲ ಓದಿದ್ದಳೋ. ಈಗ ಮತ್ತೆ ಓದಿದಳು, ತುಟಿ ಅಲ್ಲಾಡಿಸುತ್ತ.

"ಫೋನ್ ನೋಡೋದು ಕೆಲಸ ಅಲ್ಲ ಅಂತ ಬಿಟ್ಟಿದ್ದು," ಎಂದಳು. "ಅದು ಎಲ್ಲರೂ ಎಲ್ಲಾ ಹೊತ್ತೂ ಮಾಡೋದು."

"ಗಾಜು ಕೆರೆಯೋದರ ಬಗ್ಗೆನೂ ನೀವು ಮೊದಲು ಹಾಗೇ ಅಂದ್ಕೊಂಡಿದ್ರಂತೆ," ಎಂದಳು ಹುಡುಗಿ. "ಎರಡು ಪುಟ ಹಿಂದೆ ಬರ್ದಿದ್ದೀರಿ."

ರಾಗ್ನಾಳ ಕಿವಿ ನಿಧಾನವಾಗಿ ಕೆಂಪಾಯಿತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಏಟು ಬಿದ್ದ ಹೆಬ್ಬೆರಳನ್ನು ಬಟ್ಟೆಗೆ ಉಜ್ಜಿಕೊಂಡು, ಹುಡುಗಿಯ ಪಕ್ಕದಲ್ಲಿ ಹಲಗೆಗೆ ಒತ್ತಿ ನಿಂತಳು.

"ತೋರಿಸು," ಎಂದಳು. "ಯಾವ ಮಾತಿಗೆ ಹಾಗನ್ನಿಸ್ತು?"

ಹುಡುಗಿ ಕೈಚೀಲವನ್ನು ನೆಲಕ್ಕಿಟ್ಟು, ಸಾಲಿನ ಮೇಲೆ ಬೆರಳಿಟ್ಟಳು. ಬೊರ್ಯೆಗೆ ಕನ್ನಡಕ ಸಿಕ್ಕಿತ್ತು. ಅವನೂ ಬಗ್ಗಿದ.